ಹಗ್ಗದ ತುದಿಯ ಸಿಟ್ಟು

ಮನೆಯಲ್ಲಿ ಎಲ್ಲರ ಮಡಿಲಲ್ಲೂ ಮಲಗುವ ಸಾಧು ಪಾಮೆರೇನಿಯನ್. ಬೆಲ್ಟು ಹಾಕಿ ಬೀದಿಗೆ ಇಳಿಸಿದಿರೋ, ತನಗಿಂತ ಮೂರು ಪಟ್ಟು ದೊಡ್ಡ ನಾಯಿಯ ಮೇಲೆ ಏರಿಹೋಗುತ್ತದೆ. ‘ಎಷ್ಟು ಧೈರ್ಯ ನೋಡಿ!’ ಎಂದು ನಗುತ್ತೇವೆ. ಬಹುಪಾಲು ಅದು ಧೈರ್ಯವಲ್ಲ, ಭಯ.

ಬಿಟ್ಟ ನಾಯಿಗಳು ಭೇಟಿಯಾಗುವುದನ್ನು ಗಮನಿಸಿ. ಮುಖಕ್ಕೆ ಮುಖ ಕೊಟ್ಟು ಬರುವುದು ಕಡಿಮೆ. ನೆಲ ಮೂಸುತ್ತ, ಬಳಸಿಕೊಂಡು, ಪಕ್ಕದಿಂದ ಬರುತ್ತವೆ. ಬೇಡವೆನಿಸಿದರೆ ಸರಿದು ಹೋಗುತ್ತವೆ. ಹಗ್ಗ ಈ ಎರಡೂ ದಾರಿಯನ್ನು ಮುಚ್ಚುತ್ತದೆ. ಅಷ್ಟರಲ್ಲಿ ನಾವೂ ಗಾಬರಿಯಾಗಿ ಹಗ್ಗ ಜಗ್ಗುತ್ತೇವೆ, ಗದರುತ್ತೇವೆ. ಇನ್ನೊಂದು ನಾಯಿ ಕಂಡರೆ ಕುತ್ತಿಗೆ ನೋಯುತ್ತದೆ ಎಂಬ ಪಾಠ ಅದಕ್ಕೆ ಪಕ್ಕಾ ಆಗುತ್ತದೆ.

ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ಪಾವ್ಲೋವ್, ನಾಯಿಗಳ ಜೊಲ್ಲಿನಿಂದ ಕಂಡುಕೊಂಡ ಸೂತ್ರವೇ ಇಲ್ಲಿ ಮದ್ದು: ಯಾವುದರ ಬೆನ್ನಿಗೇ ತಿನಿಸು ಬರುತ್ತದೋ, ಅದು ಕಂಡರೆ ಸಾಕು, ನಾಯಿ ತಿನಿಸಿಗೆ ಕಾಯುತ್ತದೆ. ಎದುರಿನ ನಾಯಿ ಕಾಣಬೇಕು, ಆದರೆ ಕೆರಳಿಸುವಷ್ಟು ಹತ್ತಿರವಿರಬಾರದು. ಕಂಡ ಕೂಡಲೇ ಬೇಯಿಸಿದ ಕೋಳಿಯ ಚೂರು, ಇಲ್ಲವೇ ಪನೀರ್. ಎದುರಿನ ನಾಯಿ ಮರೆಯಾದರೆ ತಿನಿಸೂ ಬಂದ್. ಹೀಗೇ ನಡೆಸಿದರೆ, ಒಂದು ದಿನ ನಿಮ್ಮ ಪುಟ್ಟದು ಆ ನಾಯಿಯತ್ತ ಕಿವಿ ನಿಮಿರಿಸಿ, ತಟ್ಟನೆ ತಿರುಗಿ, ‘ಎಲ್ಲಿ ನನ್ನದು?’ ಅನ್ನುವ ಹಾಗೆ ನಿಮ್ಮ ಮುಖ ನೋಡುತ್ತದೆ. ಆಗ ಒಂದೆರಡು ಹೆಜ್ಜೆ ಹತ್ತಿರ ಹೋಗಬಹುದು. ಇಷ್ಟದ ತಿನಿಸನ್ನೂ ಒಲ್ಲೆ ಎಂದರೆ ಅವಸರಪಟ್ಟಿರಿ ಎಂದೇ ಅರ್ಥ, ಹಿಂದೆ ಸರಿಯಿರಿ.

ಪುಟ್ಟ ತಳಿಗಳ ಶ್ವಾಸನಾಳ ನಾಜೂಕು, ಹಾಗಾಗಿ ಕುತ್ತಿಗೆ ಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ವಾಸಿ. ಇನ್ನು ಬೀದಿನಾಯಿಗಳು ಗುಂಪಾಗಿ ಮಲಗುವ ಮೂಲೆ ಯಾವುದೆಂದು ನಿಮಗೆ ಗೊತ್ತೇ ಇರುತ್ತದೆ. ಸದ್ಯಕ್ಕೆ ಆ ರಸ್ತೆ ಬಿಟ್ಟು ಪಕ್ಕದ ಕ್ರಾಸ್ ಹಿಡಿಯಿರಿ.