ಪಾರಿವಾಳದ ಗರಿಯ ಬಣ್ಣ

ಗುಡಿಯ ಗೋಪುರದಲ್ಲಿಯೂ ರೈಲ್ವೆ ನಿಲ್ದಾಣದ ತೊಲೆಗಳ ಮೇಲೆಯೂ ಮನೆಮಾಡಿಕೊಂಡಿರುವ ಪಾರಿವಾಳವನ್ನು ನಾವು ದಿನವೂ ಕಾಣುತ್ತೇವೆ. ದಿನವೂ ಕಾಣುವುದರಿಂದಲೇ ನೋಡುವುದಿಲ್ಲ. ಬೂದಿ ಬೆರೆತ ನೀಲಿಯ ಮೈ, ಕೊರಳಿನಲ್ಲಿ ಹಸುರು ನೇರಿಳೆಗಳ ಮಿರುಗು, ಮಡಿಸಿದ ರೆಕ್ಕೆಯ ಮೇಲೆ ಎರಡು ಕರಿಯ ಪಟ್ಟೆ, ಬಾಲದ ಕೊನೆಯಲ್ಲಿ ಮತ್ತೊಂದು. ಇದು ಬೆಟ್ಟದ ಕೋಡುಗಲ್ಲುಗಳಲ್ಲಿ ವಾಸಿಸುವ ಕಾಡುಪಾರಿವಾಳದ ಹುಟ್ಟುಡುಗೆ. ಜೈನಶಾಸ್ತ್ರಕಾರರು ಜೀವದ ಲೇಶ್ಯೆಗಳನ್ನು ಆರು ಬಣ್ಣಗಳಾಗಿ ಎಣಿಸುವಾಗ ಕೃಷ್ಣ, ನೀಲಗಳ ತರುವಾಯ ಮೂರನೆಯದನ್ನು ಕಾಪೋತವೆಂದು ಕರೆದಿದ್ದಾರೆ. ಹಕ್ಕಿಯ ಹೆಸರೇ ಬಣ್ಣದ ಹೆಸರಾಗಿ ನಿಂತಿರುವುದು ಅವರ ಕಣ್ಣಿನ ಸೂಕ್ಷ್ಮತೆಗೆ ಸಾಕ್ಷಿ.

ಆದರೆ ಮನುಷ್ಯನು ಈ ಒಂದೇ ಉಡುಗೆಯಿಂದ ತೃಪ್ತನಾಗಲಿಲ್ಲ. ಅಕ್ಬರ್ ಬಾದಶಹನ ಆಸ್ಥಾನದಲ್ಲಿ 20,000ಕ್ಕಿಂತ ಹೆಚ್ಚು ಪಾರಿವಾಳಗಳಿದ್ದುವೆಂದೂ, ಅವುಗಳ ಹಾರಾಟದ ವಿನೋದಕ್ಕೆ 'ಇಷ್ಕ್‌ಬಾಜಿ' ಎಂಬ ಹೆಸರಿದ್ದಿತೆಂದೂ ಅಬುಲ್ ಫಜಲನು ಬರೆದಿಟ್ಟಿದ್ದಾನೆ. ಇಷ್ಕ್ ಎಂದರೆ ಪ್ರೇಮ. ಹವ್ಯಾಸಕ್ಕೆ ಇದಕ್ಕಿಂತ ಒಪ್ಪುವ ಹೆಸರು ದೊರೆಯುವುದು ಕಷ್ಟ. ಈ ಪ್ರೇಮದ ಫಲವಾಗಿ ಇಂದು ನೂರಾರು ತಳಿಗಳುಂಟು. ಲಾಹೋರ್ ತಳಿಯ ಹಕ್ಕಿಗೆ ಎದೆ, ಹೊಟ್ಟೆ, ಬಾಲಗಳು ಬಿಳಿಯವಾಗಿ, ನೆತ್ತಿಯಿಂದ ಬೆನ್ನು ರೆಕ್ಕೆಗಳವರೆಗೆ ಶಾಲು ಹೊದೆಸಿದಂತೆ ಬಣ್ಣ. ಭಾರತದ್ದೇ ಆದ ಮೂಕಿ ತಳಿಗೆ ತಲೆಯ ಮೇಲೆ ಬಿಳಿಯ ಟೋಪಿ, ಒಂದೊಂದು ರೆಕ್ಕೆಯಲ್ಲಿಯೂ ಎರಡೆರಡು ಬಿಳಿಯ ಗರಿ. ಯೂರೋಪಿನ ಆರ್ಕೇಂಜಲ್ ತಳಿಗಾದರೋ ತಾಮ್ರದ ಮೈ, ಕರಿಯ ರೆಕ್ಕೆ.

ಇವೆಲ್ಲವೂ ಬೇರೆಬೇರೆ ಮೂಲದಿಂದ ಬಂದುವೇ? 1855ರಲ್ಲಿ ಚಾರಲ್ಸ್ ಡಾರ್ವಿನನು ತನ್ನ ಹಳ್ಳಿಯ ಮನೆಯಲ್ಲಿ ಪಾರಿವಾಳಗಳನ್ನು ಸಾಕತೊಡಗಿದುದು ಈ ಪ್ರಶ್ನೆಗಾಗಿಯೇ. ಲಂಡನ್ನಿನ ಎರಡು ಪಾರಿವಾಳದ ಸಂಘಗಳಿಗೂ ಆತನು ಸದಸ್ಯನಾದನು. ಆತನು ಮಾಡಿದ ಸಂಕರವನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು. ಬಿಳಿಯ ಬೀಸಣಿಗೆಬಾಲದ ಹಕ್ಕಿಯನ್ನು ಕರಿಯ ಬಾರ್ಬ್ ತಳಿಯೊಡನೆ ಕೂಡಿಸಿದನು. ಬೇರೆಯಾಗಿ, ಬಿಳಿಯ ಮೈ, ಕೆಂಪು ಬಾಲ, ಹಣೆಯಲ್ಲಿ ಕೆಂಪು ಬೊಟ್ಟು ಇರುವ ಸ್ಪಾಟ್ ತಳಿಯನ್ನೂ ಬಾರ್ಬಿನೊಡನೆ ಕೂಡಿಸಿದನು. ಹುಟ್ಟಿದ ಮರಿಗಳು ಮಾಸಲು ಬಣ್ಣದವು, ಮಚ್ಚೆಮಚ್ಚೆಯವು. ಈ ಎರಡು ಸಂಕರಗಳ ಮರಿಗಳನ್ನು ಒಂದಕ್ಕೊಂದು ಕೂಡಿಸಿದಾಗ, ಬಿಳಿ ಕಪ್ಪು ಕೆಂಪುಗಳ ಈ ವಂಶದಲ್ಲಿ, ಅಚ್ಚ ನೀಲಿಯ ಹಕ್ಕಿಯೊಂದು ಹುಟ್ಟಿತು. ರೆಕ್ಕೆಯ ಮೇಲೆ ಎರಡು ಕರಿಯ ಪಟ್ಟೆಗಳೊಡನೆ! ಅಜ್ಜನ ಅಜ್ಜನು ಮೊಮ್ಮಗನ ಮುಖದಲ್ಲಿ ಇಣಿಕಿದ ಹಾಗೆ. ತಳಿಗಳೆಲ್ಲಕ್ಕೂ ಕಾಡುಪಾರಿವಾಳವೊಂದೇ ಮೂಲವೆಂದು 1859ರ ತನ್ನ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಆತನು ಇದನ್ನು ಮುಂದಿಟ್ಟನು.

ಈ ನೀಲಿ ಎಲ್ಲಿ ಅಡಗಿದ್ದಿತು? ವಿಚಿತ್ರವೆಂದರೆ, ಪಾರಿವಾಳದ ಗರಿಯಲ್ಲಿ ನೀಲಿಯ ದ್ರವ್ಯವೇ ಇಲ್ಲ. ಇರುವುದು ಮೆಲನಿನ್ ಎಂಬ ವರ್ಣದ್ರವ್ಯ, ಕರಿದು ಮತ್ತು ಕೆಂಗಂದು ಎಂಬ ಎರಡು ಬಗೆಯಲ್ಲಿ. ಕರಿಯ ಕಣಗಳು ಗರಿಯ ಎಳೆಯಲ್ಲಿ ಗುಂಪುಗುಂಪಾಗಿ ಕೂಡಿದ್ದರೆ ನಮ್ಮ ಕಣ್ಣಿಗೆ ಬೂದಿನೀಲಿ. ಅವೇ ಸಮನಾಗಿ ಹರಡಿದರೆ ಕಪ್ಪು. ಆದುದರಿಂದ ಬಹುಮಟ್ಟಿಗೆ ಕರಿಯ ಪಾರಿವಾಳವೆಂಬುದು ನೀಲಿಯ ಪಾರಿವಾಳವೇ. ಹರಡಿಸುವ ಒಂದು ಜೀನು ಹೆಚ್ಚಾಗಿ ಬಂದಿದೆ, ಅಷ್ಟೆ. ಬಿಳಿಯೆಂದರೆ ದ್ರವ್ಯವೇ ಇಲ್ಲದ ಬರಿಗೈ. ಕೊರಳಿನ ಮಿರುಗಿಗೆ ಕಾರಣವು ಬೇರೆ: ನೀರಿನ ಮೇಲೆ ಎಣ್ಣೆಯ ತೆಳುಪೊರೆ ಬಣ್ಣ ತೋರುವಂತೆ, ಗರಿಯ ಮೇಲ್ಪೊರೆಯಲ್ಲಿ ಬೆಳಕಿನ ಆಟ.

ಮೂಲವರ್ಣಗಳು ಮೂರು: ಬೂದಿಗೆಂಪು, ನೀಲಿ, ಕಂದು. ಇವನ್ನು ನಿರ್ಣಯಿಸುವ ಜೀನು ಲಿಂಗವನ್ನು ನಿರ್ಣಯಿಸುವ ವರ್ಣತಂತುವಿನ ಮೇಲಿದೆ. ಹಕ್ಕಿಗಳಲ್ಲಿ ಗಂಡಿಗೆ ಅಂತಹ ತಂತು ಎರಡು, ಹೆಣ್ಣಿಗೆ ಒಂದೇ. ಆ ಒಂದನ್ನೂ ಮಗಳು ತಂದೆಯಿಂದಲೇ ಪಡೆಯುತ್ತಾಳೆ. ಬೂದಿಗೆಂಪಿನ ಹೆಣ್ಣಿಗೆ ನೀಲಿಯ ಗಂಡನ್ನು ಜೋಡಿಸಿದರೆ ಗಂಡುಮರಿಗಳೆಲ್ಲ ತಾಯಿಯ ಬಣ್ಣ, ಹೆಣ್ಣುಮರಿಗಳೆಲ್ಲ ತಂದೆಯ ಬಣ್ಣ. ಗಂಡುಹೆಣ್ಣುಗಳ ಗುರುತು ಹತ್ತದ ಈ ಹಕ್ಕಿಯಲ್ಲಿ ಇದು ಸಾಕುವವರಿಗೆ ಬಹು ಉಪಯುಕ್ತವಾದ ಗುಟ್ಟು.

ಬಣ್ಣದ ಮೇಲೆ ಚಿತ್ತಾರ. ರೆಕ್ಕೆಯಲ್ಲಿ ದಟ್ಟವಾದ ಚೌಕಳಿ, ಸಾಧಾರಣ ಚೌಕಳಿ, ಎರಡು ಪಟ್ಟೆ, ಪಟ್ಟೆಯೇ ಇಲ್ಲದ್ದು ಎಂದು ನಾಲ್ಕು ಬಗೆ. ಹಿಂದಿನದು ಮುಂದಿನದನ್ನು ಮರೆಸುತ್ತದೆ. ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದವರು 2018ರಲ್ಲಿ ಇದರ ಜೀನನ್ನು ಗುರುತಿಸಿ, ಡಾರ್ವಿನನ ಮಾತಿಗೆ ಒಂದು ತಿದ್ದುಪಡಿಯನ್ನು ತಂದರು. ಚೌಕಳಿಯು ಕಾಡುಪಾರಿವಾಳದ ಸ್ವಂತ ಆಸ್ತಿಯಲ್ಲ. ಆಫ್ರಿಕದ ಚುಕ್ಕೆಪಾರಿವಾಳವೆಂಬ ಬೇರೊಂದು ಜಾತಿಯೊಡನೆ ನಡೆದ ಸಂಕರದಿಂದ ಬಂದ ಬಳುವಳಿ.

ಪಟ್ಟೆಯಿಲ್ಲದ ರೆಕ್ಕೆಯ ವಿಷಯ ಅಷ್ಟು ಹಿತವಾದುದಲ್ಲ. ಅದೇ ಜೀನಿನ ದೋಷವು ಮನುಷ್ಯರಲ್ಲಿ ನೋರೀ ರೋಗವೆಂಬ ವಂಶಪಾರಂಪರ್ಯದ ಕುರುಡನ್ನುಂಟುಮಾಡುತ್ತದೆ. ಪಟ್ಟೆಯಿಲ್ಲದ ಹಕ್ಕಿಗಳಲ್ಲಿ ದೃಷ್ಟಿಮಾಂದ್ಯ ಹೆಚ್ಚೆಂದು ಸಾಕುವವರೇ ಹೇಳುತ್ತಾರೆ. ಬಾದಾಮಿಬಣ್ಣದ ಮೈಮೇಲೆ ಕಪ್ಪು ಎರಚಿದಂತಿರುವ ಆಲ್ಮಂಡ್ ಟಂಬ್ಲರಿನದೂ ಇದೇ ಪಾಡು. ಆಲ್ಮಂಡಿಗೆ ಆಲ್ಮಂಡನ್ನೇ ಜೋಡಿಸಿದರೆ ಗಂಡುಮರಿಗಳಲ್ಲಿ ಅರ್ಧಕ್ಕೆ ಆ ಜೀನು ಇಮ್ಮಡಿಯಾಗಿ ಬರುತ್ತದೆ. ಅಂತಹವು ಹೆಚ್ಚಾಗಿ ಬದುಕುವುದಿಲ್ಲ, ಬದುಕಿದವಕ್ಕೆ ಕಣ್ಣು ಕೆಟ್ಟಿರುತ್ತದೆ. ನಮ್ಮ ಕಣ್ಣಿನ ಹಬ್ಬಕ್ಕೆ ಹಕ್ಕಿಯ ಕಣ್ಣನ್ನು ತೆರುವುದು ಪ್ರೇಮವೆನ್ನಿಸಲಾರದೆಂದು ನಮಗೆ ತೋರುತ್ತದೆ. ಅನುಭವಸ್ಥರು ಆಲ್ಮಂಡಿಗೆ ಅದೇ ವಂಶದ, ಆದರೆ ಆ ಜೀನಿಲ್ಲದ, ಕೈಟ್ ಎಂಬ ಕಂಚುಗಪ್ಪಿನ ಹಕ್ಕಿಯನ್ನು ಜೋಡಿಸುತ್ತಾರೆ. ಚೆಲುವೂ ಉಳಿಯುತ್ತದೆ, ಮರಿಗಳೂ ಉಳಿಯುತ್ತವೆ. ಪಟ್ಟೆಯಿಲ್ಲದ ಹಕ್ಕಿಗೆ ಅಂತಹ ಉಪಾಯವಿಲ್ಲ. ಅಲ್ಲಿ ದೋಷವು ಇಮ್ಮಡಿಯಾದಾಗಲೇ ಚೆಲುವು ಕಾಣುವುದು. ಅದಕ್ಕೆ ಶುದ್ಧವಾದ ಪಟ್ಟೆಯ ವಂಶದ ಜೋಡಿಯನ್ನು ಕೊಟ್ಟರೆ ಮರಿಗಳೆಲ್ಲದರ ರೆಕ್ಕೆಯ ಮೇಲೆಯೂ ಎರಡು ಕರಿಯ ಪಟ್ಟೆಗಳು ಮೂಡುತ್ತವೆ.