ಪೋಲ್ಯಾ ಮಾಸ್ತರರ ಕೆಲವು ವಿನೋದಗಳು

(ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣದ ಲೇಖರೂಪ)



ಗಣಿತದ ಮಾತೆಂದು ಕೇಳಿದೊಡನೆಯೇ ಕೆಲವರ ದೃಷ್ಟಿಯು ಬಾಗಿಲಿನ ಕಡೆಗೆ ಹೊರಳುವದನ್ನು ನಾವು ಬಲ್ಲೆವು. ಹೆದರಲು ಕಾರಣವಿಲ್ಲ. ಇಂದು ನಾವು ಹೇಳಹೊರಟಿರುವದು ಗಣಿತವನ್ನಲ್ಲ, ಗಣಿತ ಕಲಿಸಿದ ಒಬ್ಬ ಮಾಸ್ತರರ ಕಥೆಯನ್ನು. ಅವರು ಹುಟ್ಟಿದ್ದು ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ, 1887ನೆಯ ಇಸವಿಯ ಡಿಸೆಂಬರ್ 13ರಂದು. ಕಾಲವಶರಾದದ್ದು ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ, 1985ರಲ್ಲಿ, 97 ವರ್ಷಗಳು ತುಂಬಿದ ತರುವಾಯ. ನಮ್ಮಲ್ಲಿ ಎಷ್ಟೋ ಜನರು ನಿವೃತ್ತಿಯ ಲೆಕ್ಕ ಹಾಕಲಾರಂಭಿಸುವ 52ರ ವಯಸ್ಸಿನಲ್ಲಿ ಅವರು ಪತ್ನಿಯೊಡನೆ ಸಮುದ್ರವನ್ನು ದಾಟಿ, ಹೊಸ ನಾಡಿನಲ್ಲಿ ಪರಭಾಷೆಯಲ್ಲಿ ಪಾಠ ಹೇಳತೊಡಗಿದರು.

ಅವರ ಹೆಸರಿನಲ್ಲಿಯೇ ಮೊದಲನೆಯ ವಿನೋದವಿರುವದು. ತಂದೆಯ ಅಡ್ಡಹೆಸರು ಮೊದಲು ಪೊಲ್ಲಾಕ್ ಎಂದಿದ್ದಿತು. ಅದು ಹಂಗೇರಿಯ ಹೆಸರಿನಂತೆ ಕೇಳಿಸಲಿ ಎಂದು ಆತನು ಅದನ್ನು ಪೋಲ್ಯಾ ಎಂದು ತಿದ್ದಿಕೊಂಡನು. ಹಂಗೇರಿಯವರು ನಮ್ಮ ಅನೇಕರಂತೆ ಮನೆತನದ ಹೆಸರನ್ನು ಮುಂದಿಟ್ಟು ಕೊಟ್ಟ ಹೆಸರನ್ನು ಹಿಂದಿಡುವರು. ಆದುದರಿಂದ ತಾಯ್ನಾಡಿನಲ್ಲಿ ನಮ್ಮ ಮಾಸ್ತರರು ಪೋಲ್ಯಾ ಜೋರ್ಜ್. ಜರ್ಮನ್ ಮಾತಾಡುವ ನಾಡುಗಳಲ್ಲಿ ಗೇಯೋರ್ಗ್ ಪೋಲ್ಯಾ. ಅಮೇರಿಕೆಯಲ್ಲಿ ಜಾರ್ಜ್ ಪೋಲ್ಯಾ. ಮನುಷ್ಯನು ಒಬ್ಬನೇ, ಗಡಿಯನ್ನು ದಾಟಿದಂತೆಲ್ಲ ಹೆಸರು ಮಾತ್ರ ಬೇರೆ.

ವಿದ್ಯಾಭ್ಯಾಸದ ಕಥೆಯು ಇದಕ್ಕೂ ಸ್ವಾರಸ್ಯವಾದದ್ದು. ಶಾಲೆಯಲ್ಲಿ ಅವರಿಗೆ ಗಣಿತ ಕಲಿಸಿದ ಮೂವರು ಶಿಕ್ಷಕರಲ್ಲಿ ಒಬ್ಬರು ಮಾತ್ರ ಚೆನ್ನಾಗಿದ್ದರೆಂದೂ ಉಳಿದಿಬ್ಬರು ತೀರ ಹೀನವಾಗಿದ್ದರೆಂದೂ ಅವರು ಮುಂದೆ ಸಂಕೋಚವಿಲ್ಲದೆ ಹೇಳಿದ್ದಾರೆ. (ಈ ಅನುಪಾತವು ನಮ್ಮ ನಾಡಿನಲ್ಲಿ ಹೇಗಿರುವದೆಂಬುದನ್ನು ಈ ಸಭೆಯಲ್ಲಿ ವಿಚಾರಿಸುವ ಧೈರ್ಯವು ನಮಗಿಲ್ಲ.) ತಂದೆಯು ವಕೀಲನಾಗಿದ್ದನು, ಮಗನೂ ವಕೀಲನಾಗಲಿ ಎಂಬುದು ತಾಯಿಯ ಇಚ್ಛೆ. ಕಾಯಿದೆಯ ಓದು ಒಂದು ಅವಧಿಗೇ ಬೇಸರವಾಯಿತು. ಅಲ್ಲಿಂದ ಭಾಷೆ ಮತ್ತು ಸಾಹಿತ್ಯಗಳ ಕಡೆಗೆ ತಿರುಗಿ, ಎರಡು ವರ್ಷ ಓದಿ, ಲ್ಯಾಟಿನ್ ಮತ್ತು ಹಂಗೇರಿಯ ಭಾಷೆಗಳನ್ನು ಶಾಲೆಯಲ್ಲಿ ಕಲಿಸುವ ಅರ್ಹತಾಪತ್ರವನ್ನು ಪಡೆದರು. ಆ ಪತ್ರದ ವಿಷಯದಲ್ಲಿ ಅವರಿಗೆ ಕೊನೆಯವರೆಗೂ ಅಭಿಮಾನವಿದ್ದಿತು. ಅದನ್ನು ಉಪಯೋಗಿಸಿದ್ದು ಮಾತ್ರ ಒಂದು ದಿನವೂ ಇಲ್ಲ. ಜರ್ಮನ್ ಕವಿಯಾದ ಹೈನೆಯ ಮೇಲೆ ಅವರಿಗೆ ಬಹು ಪ್ರೀತಿ. ಆ ಕವಿಯೂ ತಾವೂ ಡಿಸೆಂಬರ್ 13ರಂದೇ ಹುಟ್ಟಿದವರೆಂಬುದೊಂದು ಹಿಗ್ಗು. ಸಾಹಿತ್ಯದಿಂದ ತತ್ತ್ವಶಾಸ್ತ್ರಕ್ಕೆ ಹೋದರು. ತತ್ತ್ವಶಾಸ್ತ್ರವು ತಿಳಿಯಬೇಕಾದರೆ ಭೌತಶಾಸ್ತ್ರವನ್ನೂ ಗಣಿತವನ್ನೂ ಓದೆಂದು ಗುರುಗಳು ಹೇಳಿದ್ದರಿಂದ ಕಟ್ಟಕಡೆಗೆ ಗಣಿತಕ್ಕೆ ಬಂದು ನಿಂತರು. ತತ್ತ್ವಶಾಸ್ತ್ರಕ್ಕೆ ತಾವು ಹೆಚ್ಚಾದೆವು, ಭೌತಶಾಸ್ತ್ರಕ್ಕೆ ಸಾಲದಾದೆವು, ಗಣಿತವು ಇವೆರಡರ ನಡುವೆ ಇರುವದು ಎಂದು ಅವರು ನಗುತ್ತಿದ್ದರಂತೆ. ಇಷ್ಟು ಬಾಗಿಲುಗಳನ್ನು ತಟ್ಟಿ ಬಂದವರಾದ್ದರಿಂದಲೇ, ವಿಷಯವು ತಲೆಗೆ ಹತ್ತದೆ ಒದ್ದಾಡುವ ಹುಡುಗನನ್ನು ಅವರು ಎಂದೂ ತಿರಸ್ಕರಿಸಲಿಲ್ಲವೆಂದು ನಮಗೆ ತೋರುತ್ತದೆ.

ಇವರನ್ನು ಶಾಂತಮೂರ್ತಿಯೆಂದು ಮಾತ್ರ ತಿಳಿಯಬೇಡಿರಿ. 1913ರ ಕ್ರಿಸ್ಮಸ್ ಸಮಯದಲ್ಲಿ, ಜ್ಯೂರಿಕ್ ನಗರದಿಂದ ಫ್ರಾಂಕ್‌ಫರ್ಟಿಗೆ ಹೋಗುವ ರೈಲಿನಲ್ಲಿ ಅವರ ಬುಟ್ಟಿಯು ಕೆಳಗೆ ಬಿದ್ದಿತು. ಅದರ ಸಲುವಾಗಿ ಎದುರಿಗೆ ಕುಳಿತ ತರುಣನೊಡನೆ ಮಾತಿಗೆ ಮಾತು ಬೆಳೆಯಿತು. ಇವರು ಕೆಣಕಿದರು, ಆತನು ಸುಮ್ಮನಿದ್ದನು. ಸುಮ್ಮನಿದ್ದುದಕ್ಕೇ ಮತ್ತಷ್ಟು ಕೋಪವೇರಿ ಆತನ ಕಪಾಳಕ್ಕೆ ಒಂದು ಏಟನ್ನು ಬಿಗಿದರು. ಆ ತರುಣನು ದೊಡ್ಡ ಸರಕಾರೀ ಪದವಿಯವನೊಬ್ಬನ ಮಗನೆಂಬುದೂ, ತಾವು ಅಭ್ಯಾಸಕ್ಕೆಂದು ಬಂದಿದ್ದ ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿಯೇ ವಿದ್ಯಾರ್ಥಿಯೆಂಬುದೂ ಆಮೇಲೆ ಗೊತ್ತಾಯಿತು. ವಿಶ್ವವಿದ್ಯಾಲಯದವರು ಇವರಿಗೆ ಊರು ಬಿಡಲು ಹೇಳಿದರು. ಈ ಸಂಗತಿಯನ್ನು ಜನರ ಬಾಯಿಗೆ ಬಿಡದೆ, ತಪ್ಪು ತಮ್ಮದೇ ಎಂಬಂತೆ ಮಿತ್ರರಿಗೆ ಸ್ವತಃ ಬರೆದು ತಿಳಿಸಿದ್ದಾರೆ.

ಆ ಏಟಿನಿಂದ ಸ್ವಿಟ್ಜರ್‌ಲೆಂಡಿಗೆ ಲಾಭವಾಯಿತೆನ್ನಬೇಕು. 1914ರಲ್ಲಿ ಅವರು ಜ್ಯೂರಿಕಿನ ಉನ್ನತ ತಾಂತ್ರಿಕ ವಿದ್ಯಾಲಯಕ್ಕೆ ಅಧ್ಯಾಪಕರಾಗಿ ಬಂದರು. ಮೊದಲನೆಯ ಮಹಾಯುದ್ಧವು ಹತ್ತಿದಾಗ ಕಾಲ್ಚೆಂಡಿನಾಟದ ಹಳೆಯ ಗಾಯದ ದೆಸೆಯಿಂದ ಸೈನ್ಯವು ಇವರನ್ನು ಬೇಡವೆಂದಿತು. ಮುಂದೆ ಜನರು ಸಾಲದೆ ಬಂದಾಗ ಅದೇ ಸೈನ್ಯವು ಕರೆ ಕಳಿಸಿತು. ಅಷ್ಟರಲ್ಲಿ ಬರ್ಟ್ರಂಡ್ ರಸೆಲ್ಲರ ವಿಚಾರಗಳನ್ನು ಓದಿ ಇವರು ಯುದ್ಧವಿರೋಧಿಗಳಾಗಿದ್ದರು, ಹೋಗಲೊಲ್ಲೆನೆಂದರು. ತಾಯ್ನಾಡಿಗೆ ಕಾಲಿಟ್ಟರೆ ಸೆರೆಯೆಂಬ ಹೆದರಿಕೆಯುಂಟಾಯಿತು. ಅವರು ಬುಡಾಪೆಸ್ಟನ್ನು ಮರಳಿ ಕಂಡದ್ದು 1967ರಲ್ಲಿ, 54 ವರ್ಷಗಳ ತರುವಾಯ.

ಜ್ಯೂರಿಕಿನಲ್ಲಿ ಊರಾಚೆಯ ಕಾಡಿನಲ್ಲಿ ತಿರುಗಾಡುವದು ಅವರ ನಿತ್ಯದ ರೂಢಿ. ಒಂದು ದಿನ, ಪರಿಚಯದ ವಿದ್ಯಾರ್ಥಿಯೊಬ್ಬನು ತನ್ನ ಭಾವೀ ಪತ್ನಿಯೊಡನೆ ಅದೇ ಕಾಡಿನಲ್ಲಿ ಹೊರಟಿದ್ದನು. ಮಾಸ್ತರರು ಎದುರಾದರು, ನಮಸ್ಕಾರವಾಯಿತು. ಸ್ವಲ್ಪ ಹೊತ್ತಿಗೆ ಮತ್ತೊಂದು ದಾರಿಯಲ್ಲಿ ಮತ್ತೆ ಎದುರಾದರು. ಮತ್ತೆ, ಮತ್ತೂ ಒಮ್ಮೆ! ತಾವು ಬೇಕೆಂದೇ ಹೊಂಚಿ ನೋಡುತ್ತಿರುವೆವೆಂದು ಆ ಜೋಡಿಯು ತಿಳಿಯಿತೇನೋ ಎಂದು ಅವರಿಗೆ ಬಹಳ ನಾಚಿಕೆಯಾಯಿತು. ಬೇರೆಯವರಾಗಿದ್ದರೆ ಮರುದಿನದಿಂದ ತಿರುಗಾಟದ ದಾರಿಯನ್ನು ಬದಲಿಸುತ್ತಿದ್ದರು. ಇವರು ಮನೆಗೆ ಬಂದು, ಇಂತಹ ಭೇಟಿಯು ಕೇವಲ ಆಕಸ್ಮಿಕವಾಗಿ ಆಗಬಹುದೇ ಎಂದು ಲೆಕ್ಕ ಹಾಕಲು ಕುಳಿತರು. ಚದುರಂಗದ ಮಣೆಯಂತೆ ಓಣಿಗಳಿರುವ, ಅಂತ್ಯವಿಲ್ಲದ ಊರೊಂದನ್ನು ಕಲ್ಪಿಸಿಕೊಳ್ಳಿರಿ. ಪ್ರತಿಯೊಂದು ಚೌಕದಲ್ಲಿಯೂ ನಾಲ್ಕು ದಾರಿಗಳಲ್ಲಿ ಯಾವುದನ್ನಾದರೂ ಚೀಟಿಯೆತ್ತಿ ಆರಿಸಿಕೊಂಡು ನಡೆಯುವವನು, ಎಷ್ಟು ಕಾಲವಾದರೂ ಆಗಲಿ, ಹೊರಟ ಸ್ಥಳಕ್ಕೆ ಮರಳಿಯೇ ಮರಳುವನು. ಹೀಗೆ ನಡೆಯುವವರಿಬ್ಬರು ಮತ್ತೆ ಮತ್ತೆ ಸಂಧಿಸಿಯೇ ಸಂಧಿಸುವರು. ಆದರೆ ನಾಲ್ಕು ದಿಕ್ಕುಗಳ ಜೊತೆಗೆ ಮೇಲಕ್ಕೂ ಕೆಳಕ್ಕೂ ಹೋಗುವ ದಾರಿಗಳಿದ್ದರೆ ಆ ಭರವಸೆಯಿಲ್ಲ. ಹಾಗೆ ಹೊರಟ ನೂರು ಜನರಲ್ಲಿ ಸುಮಾರು 34 ಜನರು ಮಾತ್ರ ಮರಳುವರು. 1921ರಲ್ಲಿ ಪ್ರಕಟವಾದ ಈ ಸಿದ್ಧಾಂತವು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ತಮ್ಮ ನಿರ್ದೋಷತ್ವವನ್ನು ಇಷ್ಟು ಬಿಗಿಯಾಗಿ ರುಜುವಾತುಪಡಿಸಿದ ಇನ್ನೊಬ್ಬ ಮಾಸ್ತರರನ್ನು ನಾವು ಕಾಣೆವು.

ಇಂಗ್ಲೆಂಡಿನ ಹಾರ್ಡಿಯವರೊಡನೆ ಅವರಿಗೆ ಗಾಢ ಸ್ನೇಹ. ಒಮ್ಮೆ ಪೋಲ್ಯಾರಿಗೆ ಒಳ್ಳೆಯ ವಿಚಾರವೊಂದು ಹೊಳೆದರೂ ಅದನ್ನು ಕೊನೆಮುಟ್ಟಿಸದೆ ಬಿಟ್ಟರು. ಹಾರ್ಡಿಯವರು ಎದುರಿಗೆ ಏನನ್ನೂ ಆಡಲಿಲ್ಲ. ಮುಂದೆ ಸ್ವೀಡನ್ನಿನ ಪ್ರಾಣಿಸಂಗ್ರಹಾಲಯವೊಂದರಲ್ಲಿ ಕರಡಿಯು ಪಂಜರದ ಬೀಗವನ್ನು ಮೂಸಿ, ಪಂಜದಿಂದ ಬಡಿದು, ಸ್ವಲ್ಪ ಗುರುಗುಟ್ಟಿ, ಬೆನ್ನು ತಿರುಗಿಸಿ ಹೋದುದನ್ನು ಕಂಡು, ಇದು ನಮ್ಮ ಪೋಲ್ಯಾನಂತೆಯೇ ಇದೆ, ವಿಚಾರವೇನೋ ಉತ್ತಮ, ಮುಗಿಸುವದು ಮಾತ್ರ ಇಲ್ಲ, ಎಂದು ಜೊತೆಯವರಿಗೆ ಹೇಳಿದರಂತೆ. ಈ ಕಥೆಯನ್ನು ಊರೆಲ್ಲ ಸಾರಿದವರು ಪೋಲ್ಯಾರೇ.

ಇದೇ ಹಾರ್ಡಿಯವರಲ್ಲಿ ನಮ್ಮ ಶ್ರೀನಿವಾಸ ರಾಮಾನುಜನ್ನರ ಟಿಪ್ಪಣಿ ಪುಸ್ತಕಗಳ ಪ್ರತಿಯಿದ್ದಿತು. ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು. ಪೋಲ್ಯಾರಿಗಿಂತ ಒಂಬತ್ತೇ ದಿನ ಕಿರಿಯರು. ಆ ಪುಸ್ತಕಗಳನ್ನು ಎರವಲು ಒಯ್ದ ಪೋಲ್ಯಾರು ಒಂದೆರಡು ದಿನಗಳಲ್ಲಿ ಗಾಬರಿಯಿಂದ ಮರಳಿ ತಂದೊಪ್ಪಿಸಿದರು. ಅವು ಮನೆಯಲ್ಲಿದ್ದರೆ ಅವುಗಳೊಳಗಿನ ಸೂತ್ರಗಳನ್ನು ಸಾಧಿಸುವದರಲ್ಲಿಯೇ ತಮ್ಮ ಆಯುಷ್ಯವು ಕಳೆದು, ಸ್ವಂತದ್ದೊಂದನ್ನು ಕಂಡುಹಿಡಿಯಲು ಬಿಡುವೇ ದೊರೆಯದೆಂಬುದು ಅವರ ಹೆದರಿಕೆ. 33 ವರ್ಷಗಳೂ ತುಂಬದೆ ತೀರಿಹೋದ ನಮ್ಮವನೊಬ್ಬನು ಹೀಗೆ ಯುರೋಪಿನ ಪಂಡಿತನನ್ನು ಹೆದರಿಸಿದನು. ಅವರು ಹೆದರಿದ ಮತ್ತೊಬ್ಬನು ಅವರ ಶಿಷ್ಯನೇ. ತರಗತಿಯಲ್ಲಿ, ಈ ಪ್ರಮೇಯವನ್ನು ಯಾರೂ ಸಾಧಿಸಿಲ್ಲ, ಕಠಿಣವಿರಬಹುದು ಎಂದು ಅವರು ಹೇಳಿ ಐದು ನಿಮಿಷಗಳಾಗಿರಲಿಲ್ಲ, ಫಾನ್ ನಾಯ್ಮನ್ ಎಂಬ ಹುಡುಗನು ಕೈಯೆತ್ತಿ, ಎದ್ದು ಬಂದು ಹಲಗೆಯ ಮೇಲೆ ಸಾಧನೆಯನ್ನು ಬರೆದಿಟ್ಟನು. ಅಂದಿನಿಂದ ಆ ಹುಡುಗನೆಂದರೆ ತಮಗೆ ಭಯವೆಂದು ಅವರು ಹೇಳಿಕೊಂಡಿದ್ದಾರೆ. ಗುರುವು ಹೀಗೆ ಬಾಯಿಬಿಟ್ಟು ಹೇಳುವದು ನಮ್ಮಲ್ಲಿ ಎಷ್ಟು ವಿರಳ!

1940ರಲ್ಲಿ ಹಿಟ್ಲರನ ಸೈನ್ಯವು ಯುರೋಪನ್ನು ತುಳಿಯುತ್ತಿರಲು, ಯಹೂದೀ ಮೂಲದವರಾದ ಪೋಲ್ಯಾರು ಪತ್ನಿ ಸ್ಟೆಲ್ಲಾರೊಡನೆ ಅಮೇರಿಕೆಗೆ ಹೊರಟರು. ಬುಡಾಪೆಸ್ಟಿನಲ್ಲಿಯೇ ಉಳಿದ ಅವರ ಅಣ್ಣ, ಹೆಸರಾಂತ ಶಸ್ತ್ರವೈದ್ಯ ಯೆನೋ ಪೋಲ್ಯಾರು, ಆ ಯುದ್ಧದ ಕೊನೆಯ ಚಳಿಗಾಲದಲ್ಲಿ ಕೊಲೆಗೀಡಾದರು. ಅಮೇರಿಕೆಗೆ ಬಂದ ತಮ್ಮನ ಕೈಯಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಕರಡೊಂದಿದ್ದಿತು. ಲೆಕ್ಕವನ್ನು ಬಿಡಿಸುವದು ಹೇಗೆಂಬುದು ಅದರ ವಿಷಯ. ಅದನ್ನು ಇಂಗ್ಲಿಷಿನಲ್ಲಿ ಅಚ್ಚುಹಾಕಿಸಲು ನಾಲ್ಕು ಜನ ಪ್ರಕಾಶಕರನ್ನು ಕಾಣಬೇಕಾಯಿತು. ಕೊನೆಗೆ 1945ರಲ್ಲಿ ಪ್ರಿನ್ಸ್‌ಟನ್ನಿನಿಂದ ಹೊರಬಿದ್ದ ಆ ಪುಸ್ತಕದ ಪ್ರತಿಗಳು ಹತ್ತು ಲಕ್ಷಕ್ಕೂ ಮಿಗಿಲಾಗಿ ಖರ್ಚಾದವು.

ಆ ಪುಸ್ತಕವನ್ನು ಬರೆದವರ ತರಗತಿಯು ಹೇಗಿರುತ್ತಿದ್ದಿತೆಂಬುದಕ್ಕೆ, 1960ರ ದಶಕದಲ್ಲಿ ತೆಗೆದ ಚಲಚ್ಚಿತ್ರವೊಂದು ಸಾಕ್ಷಿಯಾಗಿರುವದು. ಮುಪ್ಪಿನ ಮಾಸ್ತರರು ಹುಡುಗರನ್ನು ಕೇಳುವರು: ಐದು ಸಮತಲಗಳಿಂದ ಆಕಾಶವನ್ನು ಕತ್ತರಿಸಿದರೆ ಹೆಚ್ಚೆಂದರೆ ಎಷ್ಟು ಭಾಗಗಳಾಗುವವು? ಲೆಕ್ಕ ಹಾಕಬೇಡಿರಿ, ಊಹಿಸಿರಿ! ನೀವು ಒಂದು ಆಲೂಗಡ್ಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಹೋಳುಗಳನ್ನು ಅಲುಗಿಸದೆ ಚೂರಿಯಿಂದ ಕೊಯ್ಯುತ್ತ ಹೋಗಿರಿ. ಒಂದು ಸಲ ಕೊಯ್ದರೆ ಎರಡು, ಎರಡು ಸಲಕ್ಕೆ ನಾಲ್ಕು, ಮೂರು ಸಲಕ್ಕೆ ಎಂಟು. ನಾಲ್ಕಕ್ಕೆ? ಯಾರಾದರೂ ಹದಿನಾರೆನ್ನುವರು, ನಾವೂ ಅನ್ನುವೆವು. ಆಗುವವು ಹದಿನೈದೇ. ಊಹೆಯು ಮುರಿದುಬಿದ್ದ ಈ ಸ್ಥಳವೇ ಮಾಸ್ತರರಿಗೆ ಬೇಕಾದದ್ದು. ನಮ್ಮ ಶಾಲೆಗಳಲ್ಲಿಯಾದರೆ ಇಲ್ಲಿ ಬೆತ್ತವು ಮೇಲೇಳುತ್ತಿದ್ದಿತು. ಅವರು, ಏಕೆ ಮುರಿಯಿತು, ನೋಡೋಣ ಎಂದು ಸಮತಲವನ್ನು ಬಿಟ್ಟು ಗೆರೆಗಳಿಗೆ ಇಳಿಯುವರು. ಕಾಗದದ ಮೇಲೆ ಮೂರು ಗೆರೆಗಳನ್ನೆಳೆದರೆ ಹೆಚ್ಚೆಂದರೆ ಏಳು ಭಾಗ, ನಾಲ್ಕು ಗೆರೆಗಳಿಗೆ ಹನ್ನೊಂದು. ನಾಲ್ಕನೆಯ ಸಲ ಚೂರಿಯಾಡಿಸಿದಾಗ, ಹಿಂದಿನ ಮೂರು ಕೊಯ್ತಗಳು ಆ ಹೊಸ ಕೊಯ್ತದ ಮೈಮೇಲೆ ಮೂರು ಗೆರೆಗಳಾಗಿ ಬಿದ್ದು ಅದನ್ನು ಏಳು ಭಾಗ ಮಾಡುವವು. ಎಂಟಕ್ಕೆ ಆ ಏಳು ಸೇರಿದರೆ ಹದಿನೈದು. ಹದಿನೈದಕ್ಕೆ ಹನ್ನೊಂದು ಸೇರಿದರೆ ಇಪ್ಪತ್ತಾರು. ಐದು ಸಮತಲಗಳ ಉತ್ತರವು ಅದೇ. ತಪ್ಪಾಗಿ ಊಹಿಸಿದ ಹುಡುಗರೇ ಸರಿಯಾದದ್ದನ್ನು ಹಲಗೆಯ ಮೇಲೆ ಕಾಣುವರು. ಮೊದಲು ಊಹಿಸು, ಅನಂತರ ಆ ಊಹೆಯನ್ನು ನಂಬದೆ ಪರೀಕ್ಷಿಸು ಎಂಬುದು ಅವರ ಪಾಠ. ಊಹೆಯನ್ನು ಆಡಿಬಿಟ್ಟವನಿಗೆ ಅದು ನಿಜವೋ ಸುಳ್ಳೋ ಎಂಬುದನ್ನು ತಿಳಿಯದೆ ನಿದ್ದೆ ಬಾರದೆಂಬುದನ್ನು ಅವರು ಕಂಡುಕೊಂಡಿದ್ದರು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು 1953ರಲ್ಲಿ ಅವರಿಗೆ ನಿವೃತ್ತಿಯನ್ನು ಕೊಟ್ಟಿತು. ಅವರು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಂತೆ ಕಾಣುವದಿಲ್ಲ. ಕಣ್ಣು ಮಂದವಾಗುತ್ತ ಬಂದರೂ ಬರೆಯುತ್ತಲೂ ಶಾಲಾಶಿಕ್ಷಕರಿಗೆ ಪಾಠ ಹೇಳುತ್ತಲೂ ಇದ್ದರು. ಕಟ್ಟಕಡೆಯ ತರಗತಿಯನ್ನು ಅವರು ನಡೆಸಿದ್ದು ಅದೇ ವಿಶ್ವವಿದ್ಯಾಲಯದ ಗಣಕ ವಿಭಾಗದಲ್ಲಿ, 1978ರಲ್ಲಿ. ಆಗ ಅವರಿಗೆ ವಯಸ್ಸು 90.