ವಿಮಾನದ ಹೇರು

ಶ್ರೀರಂಗಪಟ್ಟಣ ದಾಟಿ ಬೆಂಗಳೂರಿನ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲೇ ಕಿರಂಗೂರು ಸಿಕ್ಕುತ್ತದೆ. ಶ್ರೀರಂಗಪಟ್ಟಣ ದಸರೆಯ ಜಂಬೂ ಸವಾರಿ ಹೊರಡುವುದು ಇಲ್ಲಿಯ ಬನ್ನಿಮಂಟಪದಿಂದ. ಕಬ್ಬು ಕಡಿಯುವ ಕಾಲ ಬಂತೆಂದರೆ ಸುತ್ತಲಿನ ರಸ್ತೆಗಳಲ್ಲಿ ಗಾಡಿಗಳೂ ಟ್ರ್ಯಾಕ್ಟರುಗಳೂ ಹೇರು ಹೊತ್ತು ಸಾಲಾಗಿ ಸಾಗುತ್ತವೆ. ಈ ಸೀಮೆಯಲ್ಲಿ ಗಾಡಿ ಹೊಡೆದ ಯಾರನ್ನು ಬೇಕಾದರೂ ಕೇಳಿ ನೋಡಿ. ಹೇರು ಎಷ್ಟಿದೆ ಎಂಬುದು ಅರ್ಧ ಮಾತು. ಅದು ಎಲ್ಲಿ ಕೂತಿದೆ ಎಂಬುದು ಉಳಿದರ್ಧ ಎನ್ನುತ್ತಾರೆ. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ನೊಗವೇ ಮೇಲಕ್ಕೆದ್ದು ಕೊರಳಿನ ಹಗ್ಗ ಬಿಗಿಯುತ್ತದೆ.

ಇದೇ ನ್ಯಾಯ ಆಕಾಶದಲ್ಲಿ ಹಾರುವ ವಿಮಾನಕ್ಕೂ ಸಲ್ಲುತ್ತದೆ ಎಂದರೆ ಕೆಲವರಿಗೆ ಸೋಜಿಗವಾಗಬಹುದು. ವಿಮಾನವೆಂದೊಡನೆ ನಮ್ಮ ಕಣ್ಣು ಚಾಲಕನ ಕಡೆಗೆ, ಎಂಜಿನಿನ ಕಡೆಗೆ ಹೋಗುತ್ತದೆ. ಆದರೆ ವಿಮಾನದ ಕ್ಷೇಮದ ಒಂದು ದೊಡ್ಡ ಪಾಲು ಅದು ನೆಲದ ಮೇಲೆ ನಿಂತಿರುವಾಗಲೇ ತೀರ್ಮಾನವಾಗಿರುತ್ತದೆ. ಅದನ್ನು ತೀರ್ಮಾನಿಸುವವರು ನಮ್ಮ ಕಣ್ಣಿಗೆ ಬೀಳದೆ ದುಡಿಯುವ ಜನ.

ಕಿರಂಗೂರಿನ ಒಂದು ಬದಿಗೆ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ. ಇನ್ನೊಂದು ಬದಿಗೆ, ಬೆಂಗಳೂರನ್ನೂ ದಾಟಿ, ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ. ಮಂಡಕಳ್ಳಿಯದು ಹಳೆಯದು, 1940ರ ದಶಕದಲ್ಲಿ, ಸಂಸ್ಥಾನದ ಕಾಲದಲ್ಲೇ ಆದದ್ದು. 2010ರಲ್ಲಿ ಅಲ್ಲಿ ಹೊಸ ಕಟ್ಟಡ ಎದ್ದಿತು. ಅದರ ಓಡುದಾರಿ 1,740 ಮೀಟರ್ ಉದ್ದ. ಚಿಕ್ಕ ವಿಮಾನಗಳಿಗೆ ತಕ್ಕದ್ದು. ದೇವನಹಳ್ಳಿಯ ನಿಲ್ದಾಣ 2008ರ ಮೇ 24ರಂದು ತೆರೆಯಿತು. ಇಂದು ನಮ್ಮ ಊರುಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿಯೋ ದುಬೈಯಲ್ಲಿಯೋ ಇರುವ ಮನೆಗಳು ಅನೇಕ. ಆದ್ದರಿಂದ ಈ ವಿಚಾರ ಎಲ್ಲೋ ದೂರದ್ದಲ್ಲ.

ವಿಮಾನ ಬಂದು ನಿಂತ ಕೂಡಲೆ ಏನಾಗುತ್ತದೆ ಎಂಬುದನ್ನು ಗಮನಿಸೋಣ. ಮೊದಲು ಚಕ್ರಗಳಿಗೆ ಅಡ್ಡಕಟ್ಟೆ ಕೊಡುತ್ತಾರೆ, ಗಾಡಿಯ ಗಾಲಿಗೆ ಕಲ್ಲು ಕೊಟ್ಟಂತೆ. ರೆಕ್ಕೆಯ ತುದಿ, ಎಂಜಿನುಗಳ ಬಳಿ ಕಿತ್ತಳೆ ಬಣ್ಣದ ಶಂಕುಗಳನ್ನಿಟ್ಟು ವಾಹನಗಳು ತಗುಲದಂತೆ ಎಲ್ಲೆ ಹಾಕುತ್ತಾರೆ. ಬಳಿಕ ಏಣಿ ಬರುತ್ತದೆ, ಸಾಮಾನಿನ ಬಂಡಿಗಳು ಬರುತ್ತವೆ, ಇಂಧನದ ಲಾರಿ, ಊಟದ ಲಾರಿ, ನೀರಿನ ಗಾಡಿ ಒಂದರ ಹಿಂದೊಂದು ಬರುತ್ತವೆ. ಇಳಿಸುವವರು, ಗುಡಿಸುವವರು, ಮತ್ತೆ ಏರಿಸುವವರು ಎಲ್ಲರೂ ಸುಮಾರು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಬೇಕು. ಮದುವೆಮನೆಯಲ್ಲಿ ಒಂದು ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂಡುವ ನಡುವಿನ ಗಡಿಬಿಡಿಯನ್ನು ನೆನೆದುಕೊಳ್ಳಿ. ಆದರೆ ಇಲ್ಲಿ ಎಲೆ ತಪ್ಪಿದರೆ ಇನ್ನೊಂದು ಎಲೆ ಹಾಕಿದಂತಲ್ಲ.

ಈ ಗಡಿಬಿಡಿಯ ನಡುವೆ ಒಂದು ಕಡೆ ಶಾಂತವಾಗಿ ಲೆಕ್ಕ ನಡೆಯುತ್ತಿರುತ್ತದೆ. ಪ್ರಯಾಣಿಕರು ಎಷ್ಟು, ಯಾವ ಸಾಲಿನಲ್ಲಿ ಎಷ್ಟು ಜನ, ಮುಂದಿನ ಉಗ್ರಾಣದಲ್ಲಿ ಎಷ್ಟು ಕಿಲೋ, ಹಿಂದಿನದರಲ್ಲಿ ಎಷ್ಟು, ಇಂಧನ ಎಷ್ಟು ಎಂಬುದನ್ನೆಲ್ಲ ಕೂಡಿಸಿ, ಒಟ್ಟು ಭಾರ ಮಿತಿಯೊಳಗಿದೆಯೆ, ಅದರ ಮಧ್ಯಬಿಂದು ಸರಿಯಾದ ಜಾಗದಲ್ಲಿದೆಯೆ ಎಂದು ನೋಡುತ್ತಾರೆ. ಇದಕ್ಕೆ ಲೋಡ್‌ಶೀಟ್ ಎಂದು ಹೆಸರು. ಹೇರಿನ ಪಟ್ಟಿ ಎನ್ನೋಣ. ಮುಖ್ಯ ಚಾಲಕ ಇದನ್ನು ಒಪ್ಪಿದ ಮೇಲೆಯೇ ವಿಮಾನ ಹೊರಡುವುದು.

ಮಂಡಕಳ್ಳಿಯಂಥ ನಿಲ್ದಾಣಗಳಿಗೆ ಬಂದಿಳಿದಿರುವ ಎಟಿಆರ್-72 ಎಂಬ ವಿಮಾನವನ್ನೇ ತೆಗೆದುಕೊಳ್ಳಿ. ಸುಮಾರು 70 ಜನ ಕೂಡಬಹುದು. ತುಂಬಿದಾಗ ಒಟ್ಟು ಭಾರ ಸುಮಾರು 23 ಸಾವಿರ ಕಿಲೋ. ಇದಕ್ಕೆ ಜನ ಹತ್ತುವ ಬಾಗಿಲು ಹಿಂದುಗಡೆ. ಮುಂದೆ ಹೇರಿಲ್ಲದಿರುವಾಗ ಹಿಂದೆ ಜನ ಗುಂಪಾಗಿ ಹತ್ತಿದರೆ ವಿಮಾನ ಬಾಲ ಊರಿ ಕೂತೀತು. ಹಾಗಾಗದಿರಲಿ ಎಂದು ಬಾಲದ ಕೆಳಗೆ ಒಂದು ಊರುಗೋಲು ಕೊಟ್ಟಿರುತ್ತಾರೆ. ಹೊರಡುವ ಮುನ್ನ ಅದನ್ನು ಮರೆಯದೆ ತೆಗೆಯುತ್ತಾರೆ. ಇಂಥ ಚಿಕ್ಕ ವಿಮಾನಗಳಲ್ಲಿ ಜನ ಕಡಿಮೆಯಿದ್ದಾಗ ಸಿಬ್ಬಂದಿಯವರು, “ದಯವಿಟ್ಟು ಆ ಸಾಲಿಗೆ ಬಂದು ಕೂತುಕೊಳ್ಳಿ” ಎನ್ನುವುದುಂಟು. ಅದು ದರ್ಪವಲ್ಲ, ತಕ್ಕಡಿಯ ಮಾತು. ಖಾಲಿಯಿದೆಯೆಂದು ಕೇಳದೆ ಜಾಗ ಬದಲಾಯಿಸುವುದು ತರವಲ್ಲ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಲೋಕ ಬೆಲೆ ತೆತ್ತಿದೆ. 1983ರ ಜುಲೈ 23ರಂದು ಕೆನಡದಲ್ಲಿ ಒಂದು ದೊಡ್ಡ ವಿಮಾನಕ್ಕೆ ಇಂಧನ ತುಂಬುವಾಗ ಕಿಲೋ ಲೆಕ್ಕ ಹಿಡಿಯಬೇಕಾದಲ್ಲಿ ಪೌಂಡಿನ ಲೆಕ್ಕ ಹಿಡಿದರು. ಬೇಕಾದದ್ದರ ಅರ್ಧಕ್ಕಿಂತಲೂ ಕಡಿಮೆ ಇಂಧನದಲ್ಲಿ ಹೊರಟ ವಿಮಾನದ ಎಂಜಿನುಗಳು ನಡುದಾರಿಯಲ್ಲೇ ನಿಂತವು. ಚಾಲಕರ ಚಾತುರ್ಯದಿಂದ ಅದು ಗಿಮ್ಲಿ ಎಂಬಲ್ಲಿನ ಹಳೆಯ ಓಡುದಾರಿಯ ಮೇಲೆ ತೇಲಿ ಇಳಿಯಿತು, ಪ್ರಾಣಹಾನಿಯಾಗಲಿಲ್ಲ. 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್ ನಗರದಲ್ಲಿ ಅಂಥ ಅದೃಷ್ಟವಿರಲಿಲ್ಲ. ಚಿಕ್ಕದೊಂದು ವಿಮಾನ ನೆಲ ಬಿಟ್ಟ ಕೂಡಲೆ ಮೂತಿ ಮೇಲೆತ್ತಿ ಕುಸಿದು 21 ಜನರೂ ಸತ್ತರು. ಬಾಲದ ಹತೋಟಿಯ ತಂತಿಯನ್ನು ರಿಪೇರಿಯಲ್ಲಿ ತಪ್ಪಾಗಿ ಹೊಂದಿಸಿದ್ದರು; ಜೊತೆಗೆ ಹೇರು ಹಿಂಭಾರವಾಗಿತ್ತು. ಕಾಗದದ ಮೇಲೆ ಮಾತ್ರ ಲೆಕ್ಕ ಸರಿಯಿತ್ತು! ಒಬ್ಬೊಬ್ಬ ಪ್ರಯಾಣಿಕನಿಗೂ ಅಂದಾಜಿಗೆ ಹಿಡಿದ ತೂಕ ನಿಜವಾದ ತೂಕಕ್ಕಿಂತ ಕಡಿಮೆಯಾಗಿತ್ತು. ಆಮೇಲೆ ಆ ದೇಶದವರು ಅಂದಾಜನ್ನು ಹೆಚ್ಚಿಸಿದರು.

ಇದರಿಂದ ನಮಗೆ ತಿಳಿಯುವುದಿಷ್ಟು: ಲೆಕ್ಕ ಬರೆಯುವವನು ಎಷ್ಟೇ ಜಾಣನಾಗಿರಲಿ, ಅವನ ಕೈಗೆ ಬರುವ ಸಂಗತಿ ಸತ್ಯವಾಗಿರಬೇಕು. ಆ ಸತ್ಯದಲ್ಲಿ ಒಂದು ಪಾಲು ನಮ್ಮದು. ನಮ್ಮ ಪೆಟ್ಟಿಗೆಯೊಳಗೆ ಏನಿದೆ ಎಂಬುದು ನಮಗಲ್ಲದೆ ಇನ್ನಾರಿಗೆ ಗೊತ್ತು?

ಕೊಬ್ಬರಿಯ ಉದಾಹರಣೆ ನೋಡಿ. ನಾಗಮಂಗಲ, ಕೃಷ್ಣರಾಜಪೇಟೆಯ ಕಡೆಯ ತಾಯಂದಿರು ಮಗಳ ಮನೆಗೆ ಹೊರಟರೆ ನಾಲ್ಕು ಗಿಟುಕು ಕೊಬ್ಬರಿ ಇಡದೆ ಪೆಟ್ಟಿಗೆ ಮುಚ್ಚುವರೆ? ಆದರೆ ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು. ಗಾಳಿಯಾಡದೆ ಒತ್ತಾಗಿದ್ದರೆ ತನ್ನಿಂದ ತಾನೇ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದು ಸೇರಿದೆ. ಆದಕಾರಣ ಉಗ್ರಾಣಕ್ಕೆ ಹೋಗುವ ಪೆಟ್ಟಿಗೆಯಲ್ಲಿ ಅದನ್ನು ಇಡಗೊಡುವುದಿಲ್ಲ. ಫೋನಿಗೆ ವಿದ್ಯುತ್ತು ತುಂಬುವ ಪವರ್ ಬ್ಯಾಂಕಿನದು ಇನ್ನೂ ದೊಡ್ಡ ಅಪಾಯ. ಅದರೊಳಗಿನ ಲಿಥಿಯಂ ಬ್ಯಾಟರಿ ಕೆಟ್ಟರೆ ಬೆಂಕಿ ಕಾರುತ್ತದೆ. ಜನ ಕೂತಿರುವಲ್ಲಿ ಹೊತ್ತಿಕೊಂಡರೆ ಯಾರಾದರೂ ಕಂಡು ಆರಿಸಬಹುದು. ಉಗ್ರಾಣದ ಕತ್ತಲೆಯಲ್ಲಿ ಹೊತ್ತಿಕೊಂಡರೆ ಕಾಣುವವರಾರು? ಅದಕ್ಕಾಗಿಯೇ ಅದನ್ನು ಕೈಚೀಲದಲ್ಲಿ ಮಾತ್ರ ಒಯ್ಯಬೇಕೆಂಬ ನಿಯಮ. “ಒಳಗೆ ಇಂಥದು ಏನಾದರೂ ಇದೆಯೆ?” ಎಂದು ಕೌಂಟರಿನಲ್ಲಿ ಕೇಳಿದಾಗ ಉದಾಸೀನದಿಂದ “ಇಲ್ಲ” ಎನ್ನುವುದು ತನಗೂ ಪರರಿಗೂ ದ್ರೋಹ.

ಭಾರದ ಮಾತೂ ಹಾಗೆಯೇ. ಒಂದು ಪೆಟ್ಟಿಗೆ 32 ಕಿಲೋ ಮೀರಬಾರದು. ಹೆಚ್ಚು ಹಣ ಕೊಡುತ್ತೇನೆಂದರೂ ಒಪ್ಪುವುದಿಲ್ಲ. ಈ ಮಿತಿ ಇರುವುದು ಎತ್ತುವವನ ಸೊಂಟಕ್ಕಾಗಿ. ನಮ್ಮ ದೇಶದೊಳಗೆ ಓಡಾಡುವ ಬಹುತೇಕ ವಿಮಾನಗಳ ಉಗ್ರಾಣದಲ್ಲಿ ನೆಟ್ಟಗೆ ನಿಲ್ಲಲು ಎತ್ತರ ಸಾಲದು. ಹೇರುವ ಆಳು ಮಂಡಿಯೂರಿ, ಬಗ್ಗಿ, ಒಂದೊಂದು ಪೆಟ್ಟಿಗೆಯನ್ನೂ ಎಳೆದು ಜೋಡಿಸಬೇಕು. ಬೇಸಗೆಯ ಕಾವಿನಲ್ಲಿಯೂ, ನಡುರಾತ್ರಿಯ ಮಳೆಯಲ್ಲಿಯೂ. ಅಪಾಯವೂ ಕಡಿಮೆಯದಲ್ಲ. 2015ರ ಡಿಸೆಂಬರ್ 16ರಂದು ಮುಂಬಯಿಯಲ್ಲಿ ಕೆಲಸದ ಮೇಲಿದ್ದ ತಂತ್ರಜ್ಞರೊಬ್ಬರನ್ನು ಚಾಲೂ ಆದ ಎಂಜಿನು ಒಳಗೆ ಸೆಳೆದುಕೊಂಡು ಅವರು ಪ್ರಾಣ ಕಳೆದುಕೊಂಡರು.

ಹತ್ತಿ ಕೂತ ಮೇಲೂ ವಿಮಾನ ಹೊರಡದೆ, “ಒಬ್ಬರ ಸಾಮಾನು ಇಳಿಸುತ್ತಿದ್ದೇವೆ” ಎಂಬ ಮಾತು ಕೇಳಿಬಂದರೆ ಗೊಣಗುವ ಮುನ್ನ 1985ರ ಜೂನ್ 23ನ್ನು ನೆನೆಯಬೇಕು. ಅಂದು ಕನಿಷ್ಕ ಎಂಬ ಏರ್ ಇಂಡಿಯಾ ವಿಮಾನ ಐರ್ಲೆಂಡಿನ ಬಳಿ ಸಮುದ್ರದ ಮೇಲೆ ಸಿಡಿದು 329 ಜನ ಸತ್ತರು. ಬಾಂಬು ಇದ್ದ ಪೆಟ್ಟಿಗೆ ಹತ್ತಿತ್ತು, ಪೆಟ್ಟಿಗೆಯವನು ಹತ್ತಿರಲಿಲ್ಲ. ಆದ್ದರಿಂದ ಬಾರದವನ ಪೆಟ್ಟಿಗೆಯನ್ನು ಹುಡುಕಿ ಇಳಿಸಲೇಬೇಕು.

ಇನ್ನು ವೃದ್ಧರ ವಿಚಾರ. ನಡೆಯಲಾರದ ತಂದೆತಾಯಿಗಳಿಗೆ ಗಾಲಿಕುರ್ಚಿಯ ಅನುಕೂಲವಿದೆ. 2024ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ 80 ವರ್ಷದ ಹಿರಿಯರೊಬ್ಬರು, ಕುರ್ಚಿ ಒಂದೇ ಸಿಕ್ಕಿದ್ದರಿಂದ ಅದರಲ್ಲಿ ಹೆಂಡತಿಯನ್ನು ಕೂರಿಸಿ ತಾವು ನಡೆದುಹೋದರು. ದಾರಿಯಲ್ಲಿ ಕುಸಿದು ತೀರಿಕೊಂಡರು. ವಿಮಾನ ಕಂಪನಿಗೆ ಸರಕಾರದ ನಿರ್ದೇಶನಾಲಯ 30 ಲಕ್ಷ ರೂಪಾಯಿ ದಂಡ ಹಾಕಿತು. ದಂಡದಿಂದ ಹೋದ ಜೀವ ಬರುವುದೆ? ಟಿಕೆಟು ಕೊಳ್ಳುವಾಗಲೇ, ಕಡೆಯ ಪಕ್ಷ 48 ಗಂಟೆ ಮುಂಚೆ, ಕುರ್ಚಿ ಬೇಕೆಂದು ತಿಳಿಸಿರಬೇಕು. ಇಬ್ಬರಿಗೆ ಬೇಕಾದರೆ ಎರಡು ಎಂದೇ ಬರೆಸಬೇಕು. ಸಂಕೋಚಪಟ್ಟು ನಡೆಯಬಾರದು. ನಡೆಯಬಲ್ಲವರು ಸಾಲು ತಪ್ಪಿಸಿಕೊಳ್ಳಲೆಂದು ಕುರ್ಚಿ ಕೇಳಲೂಬಾರದು. ಹಾಗೆ ಹೋದ ಕುರ್ಚಿ ಯಾವುದೋ ಅಜ್ಜನ ಪಾಲಿನದು.

ಇಷ್ಟಾಗಿಯೂ ಒಮ್ಮೊಮ್ಮೆ ಪೆಟ್ಟಿಗೆ ಒಡೆಯುತ್ತದೆ, ಕಾಣೆಯಾಗುತ್ತದೆ. ಆಗ ಮನೆಗೆ ಹೋಗಿ ನೋಡೋಣವೆಂದು ಹೊರಡದೆ ನಿಲ್ದಾಣದಲ್ಲೇ ದೂರು ಬರೆಸಿ ಅದರ ಪ್ರತಿ ಪಡೆಯಿರಿ. ಅಂತರರಾಷ್ಟ್ರೀಯ ಪ್ರಯಾಣವಾದರೆ, ಸಾಮಾನು ಕೆಟ್ಟಿದ್ದಕ್ಕೆ ಕೈಸೇರಿದ 7 ದಿನದೊಳಗೆ, ತಡವಾಗಿ ಬಂದದ್ದಕ್ಕೆ 21 ದಿನದೊಳಗೆ ಬರಹದ ಮೂಲಕ ಕೇಳಬೇಕೆಂದು ಕಾನೂನಿದೆ. ಅವಧಿ ಮೀರಿದರೆ ಹಕ್ಕೂ ಮೀರಿತು.

ಮುಂದಿನ ಸಲ ಪ್ರಯಾಣಕ್ಕೆ ಹೊರಡುವಾಗ ಪೆಟ್ಟಿಗೆಯನ್ನು ಮನೆಯಲ್ಲೇ ತೂಗಿ. ಬ್ಯಾಟರಿಯನ್ನು ಕೈಚೀಲಕ್ಕೆ ಹಾಕಿ, ಕೊಬ್ಬರಿಯನ್ನು ಮನೆಯಲ್ಲೇ ಬಿಡಿ. ಕೇಳಿದ ಪ್ರಶ್ನೆಗೆ ನಿಜ ಹೇಳಿ. ನಾವು ಹೇಳಿದ ನಿಜವೂ ಆ ಹೇರಿನ ಪಟ್ಟಿಯೊಳಗೆ ಸೇರಿ, ನಮ್ಮೊಡನೆ ಕೂತ ಅಪರಿಚಿತರನ್ನೂ ಕ್ಷೇಮವಾಗಿ ಊರು ಮುಟ್ಟಿಸುತ್ತದೆ.